ಬರೆದದ್ದು ಹೊಗಳಿಕೆ, ತಾಗಿದ್ದು ಏಟು: ನಮ್ಮ ಬರಹದಿಂದ ಯಾರಿಗಾದರೂ ನೋವಾದರೆ ಏನು ಮಾಡಬೇಕು?

ಕೊಡಗಿನ ತೋಟಗಳಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಯಾರು ಬಂದರು, ಯಾರು ಅರ್ಧ ದಿನಕ್ಕೆ ಹೋದರು, ಕುಯ್ಲಿನ ಕಾಲದಲ್ಲಿ ಯಾರ ಚೀಲ ಎಷ್ಟು ಕೆಜಿ ತೂಗಿತು ಎಂದೆಲ್ಲ ಬರೆದಿಡುವ ಕೆಲಸ. ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ನಾನು ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದೆ. ಹಾಜರಿಯಲ್ಲಿ ತಪ್ಪಾದರೆ ಸಂಜೆಯೇ ಜಗಳ. ಮರುದಿನ ತಿದ್ದಿದರೆ ಅಲ್ಲಿಗೆ ಮುಗಿಯಿತು. ಊರಿನ ಸ್ಮರಣ ಸಂಚಿಕೆಗಳಿಗೆ, ಪತ್ರಿಕೆಗಳಿಗೆ ಲೇಖನ ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಎಲ್ಲ ತಪ್ಪೂ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ ಅಂತ.

ಒಂದು ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ತೀರಿಹೋದ ಮೇಷ್ಟ್ರೊಬ್ಬರ ಬಗ್ಗೆ ಬರೆದಿದ್ದೆ. ‘ಗಂಜಿಗೂ ಗತಿಯಿಲ್ಲದ ಮನೆಯಿಂದ ಬಂದು ನೂರಾರು ಮಕ್ಕಳಿಗೆ ಅಕ್ಷರ ಕೊಟ್ಟವರು’ ಅನ್ನುವ ಸಾಲು ಅದರಲ್ಲಿತ್ತು. ಬರೆಯುವಾಗ ನನಗೇ ಕಣ್ಣು ಒದ್ದೆಯಾಗಿತ್ತು. ಸಂಚಿಕೆ ಹಂಚಿದ ಎರಡನೇ ದಿನ ಮೇಷ್ಟ್ರ ದೊಡ್ಡ ಮಗನ ಫೋನ್ ಬಂತು. ‘ನೀವು ನಮ್ಮ ಮನೆಗೆ ಎಷ್ಟು ಸಲ ಬಂದಿದ್ದೀರಿ? ಗಂಜಿ ಕುಡಿಸಿ ಕಳಿಸಿದ್ದೆವಾ?’

‘ಅಣ್ಣ, ನಾನು ಹೊಗಳಿದ್ದು. ಸ್ವಲ್ಪ ಪೂರ್ತಿ ಓದಿ ನೋಡಿ’ ಅಂದೆ. ಫೋನ್ ಕಟ್ ಆಯಿತು. ನಾನು ಸುಮ್ಮನಿರದೆ ವಾಟ್ಸಾಪ್‌ನಲ್ಲಿ ಮೊಬೈಲ್ ತುಂಬುವಷ್ಟು ವಿವರಣೆ ಕಳಿಸಿದೆ. ಅದನ್ನು ಯಾರೋ ಅವರ ಕುಟುಂಬದ ಗ್ರೂಪಿಗೆ ಹಾಕಿದರು. ಮನೆಯೊಳಗಿನ ಬೇಸರ ಒಂದೇ ರಾತ್ರಿಯಲ್ಲಿ ಬೆಂಗಳೂರು, ದುಬೈ ತಲುಪಿತು.

ಆಮೇಲೂ ಇಂಥ ನಾಲ್ಕೈದು ಪ್ರಸಂಗ ನೋಡಿದ್ದೇನೆ. ಕೆಲವು ನನ್ನವು, ಕೆಲವು ಜೊತೆಗೆ ಬರೆಯುವವರವು. ಅವುಗಳಿಂದ ಕಲಿತದ್ದನ್ನು ಒಂದು ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ. ಲೇಖನಕ್ಕೆ ಮಾತ್ರ ಅಂತಲ್ಲ, ಪಂಚಾಯಿತಿಗೆ ಬರೆದ ಅರ್ಜಿ, ಮದುವೆ ಕಾಗದ, ನಿಧನದ ಸುದ್ದಿ, ಸಂಘದ ವರದಿಗೂ ಇದೇ ದಾರಿ.

1. ಮೊದಲ ರಾತ್ರಿ ಏನೂ ಬರೆಯಬೇಡಿ

ಬೇಸರದ ಫೋನ್ ಬಂದಾಗ ಹೇಳಬೇಕಾದ್ದು ಮೂರೇ ಮಾತು. ‘ನಿಮಗೆ ಬೇಸರ ಆಗಿದೆ ಅಂತ ಗೊತ್ತಾಯಿತು. ನಾನು ಮತ್ತೆ ಓದಿ ನೋಡ್ತೇನೆ. ನಾಳೆ ಸಂಜೆ ನಾನೇ ಫೋನ್ ಮಾಡ್ತೇನೆ.’

ಇದರಲ್ಲಿ ಕ್ಷಮೆ ಇಲ್ಲ, ಗಮನಿಸಿ. ಸಮರ್ಥನೆಯೂ ಇಲ್ಲ. ಏನು ತಪ್ಪಾಗಿದೆ ಅಂತ ತಿಳಿಯುವ ಮೊದಲೇ ‘ಸಾರಿ ಸಾರಿ’ ಅಂದರೆ ಅವರು ‘ಯಾವುದಕ್ಕೆ?’ ಅಂತ ಕೇಳುತ್ತಾರೆ. ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಆಗ ಆ ಕ್ಷಮೆ ಬಾಯಿ ಮುಚ್ಚಿಸುವ ಉಪಾಯದ ಹಾಗೆ ಕೇಳಿಸುತ್ತದೆ. ‘ಪೂರ್ತಿ ಓದಿ’ ಅಂದರಂತೂ ‘ನಿಮಗೆ ಓದಲು ಬರುವುದಿಲ್ಲ’ ಅಂದ ಹಾಗೆ. ಮೇಷ್ಟ್ರ ಮನೆಗೇ ಆ ಮಾತು ಹೇಳಿದವನು ನಾನು!

ನಾಳೆ ಸಂಜೆ ಅಂದ ಮೇಲೆ ನಾಳೆ ಸಂಜೆಯೇ ಮಾಡಬೇಕು. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಟವರ್ ಮಲಗಿದ್ದರೆ ಯಾರ ಕೈಲಾದರೂ ಹೇಳಿ ಕಳಿಸಿ. ಇಲ್ಲದಿದ್ದರೆ ‘ಫೋನ್ ಮಾಡ್ತೇನೆ ಅಂದು ಮಾಡಲಿಲ್ಲ’ ಅನ್ನುವುದು ಎರಡನೇ ದೂರಾಗುತ್ತದೆ. ನಮ್ಮದು ಚಿಕ್ಕ ಜಿಲ್ಲೆ. ಶುಕ್ರವಾರ ಮಡಿಕೇರಿ ಸಂತೆಗೆ ಹೋದರೆ ನೀವು ತಪ್ಪಿಸಿಕೊಳ್ಳುತ್ತಿರುವ ಮನುಷ್ಯ ಸಿಗದಿದ್ದರೂ ಅವನ ಭಾವ ಸಿಕ್ಕೇ ಸಿಗುತ್ತಾನೆ.

2. ಆ ಸಾಲನ್ನು ಬೇರೆಯವರ ಬಾಯಲ್ಲಿ ಕೇಳಿ

ನಾವು ಬರೆದದ್ದನ್ನು ನಾವೇ ಓದಿದರೆ ನಮ್ಮ ಮನಸ್ಸಿನಲ್ಲಿದ್ದ ದನಿಯೇ ಕೇಳಿಸುತ್ತದೆ. ಹಾಗಾಗಿ ಆ ಪುಟವನ್ನು ಮನೆಯವರ ಕೈಗೆ ಕೊಟ್ಟು ಜೋರಾಗಿ ಓದಿಸಿ. ನೀವು ಕಣ್ಣು ಮುಚ್ಚಿ ಕೂತು ಕೇಳಿ.

ಇನ್ನೊಂದು ಪರೀಕ್ಷೆ ಇದೆ. ಬರಹದಲ್ಲಿರುವ ಹೆಸರು ತೆಗೆದು ನಿಮ್ಮ ಅಪ್ಪನ ಹೆಸರು ಹಾಕಿ. ನಾನು ಹಾಕಿ ನೋಡಿದೆ. ‘ಗಂಜಿಗೂ ಗತಿಯಿಲ್ಲದ ಮನೆಯಿಂದ ಬಂದ ನನ್ನ ಅಪ್ಪ.’ ಏನೂ ಅನ್ನಿಸಲಿಲ್ಲ, ಸ್ವಲ್ಪ ಹೆಮ್ಮೆಯೇ ಆಯಿತು. ಹಾಗಾದರೆ ಅವರಿಗೆ ಯಾಕೆ ನೋವಾಯಿತು ಅಂತ ಗೊಂದಲ. ಆಮೇಲೆ ನನ್ನ ಹೆಂಡತಿ ಹೇಳಿದಳು, ‘ನೀವು ಹೇಳೋದು ಬೇಡ. ಪಕ್ಕದ ಮನೆಯವರು ಮೈಕ್ ಹಿಡಿದು ನಿಮ್ಮ ಅಪ್ಪನ ಬಗ್ಗೆ ಹಾಗೆ ಹೇಳ್ತಿದ್ದಾರೆ ಅಂದ್ಕೊಳ್ಳಿ.’ ಆಗ ಎದೆಗೆ ಚುಚ್ಚಿತು. ಹೆಸರು ಬದಲಿಸಿದರೆ ಸಾಲದು. ಹೇಳುವವರನ್ನೂ ಬದಲಿಸಿ ನೋಡಬೇಕು.

3. ಎಲ್ಲಿ ತಾಗಿತು ಅಂತ ಪತ್ತೆ ಮಾಡಿ

ಇದು ದೊಡ್ಡ ಕೆಲಸ. ಔಷಧ ಇದರ ಮೇಲೆ ನಿಂತಿದೆ. ಎಲ್ಲ ನೋವೂ ಒಂದೇ ಜಾತಿಯದ್ದಲ್ಲ. ನಾನು ಕಂಡ ಕೆಲವನ್ನು ಹೇಳುತ್ತೇನೆ, ನಿಮ್ಮದು ಯಾವುದಕ್ಕೆ ಹತ್ತಿರ ನೋಡಿ.

ಮಾತಿನ ಮರ್ಯಾದೆ. ಕೊಡಗಿನಲ್ಲಿ ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡ ಎಲ್ಲ ಕೇಳುತ್ತದೆ. ಒಂದರಲ್ಲಿ ಸಲಿಗೆ ಅನ್ನಿಸುವುದು ಇನ್ನೊಂದರಲ್ಲಿ ಅವಮಾನ. ಅರೆಭಾಷೆಯಲ್ಲಿ ಹೆಂಗಸರನ್ನು ‘ಅದು’ ಅನ್ನುವ ಹಾಗೆ ಮಾತಾಡುವುದು ಸಹಜ, ಸುಳ್ಯ ಪುತ್ತೂರಿನ ಕಡೆಯ ಮನೆಗಳಲ್ಲೂ ‘ಅಕ್ಕ ಬಂತು’ ಅಂತಾರೆ. ಅದರಲ್ಲಿ ಪ್ರೀತಿಯೇ ಇದೆ. ಅದೇ ಮಾತನ್ನು ಲೇಖನದಲ್ಲಿ ‘ಅಜ್ಜಿ ಬಂತು, ಜಗಲಿಯಲ್ಲಿ ಕೂತಿತು’ ಅಂತ ಹಾಕಿ. ಕುಶಾಲನಗರ ದಾಟಿದ ಕಡೆಯ ಓದುಗರಿಗೆ ಅಜ್ಜಿಯನ್ನು ದನದ ಹಾಗೆ ಕಂಡಂತೆ ಕಾಣುತ್ತದೆ. ಇಂಥ ಕಡೆ ತಪ್ಪು ಯಾರದ್ದೂ ಅಲ್ಲ. ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು.

ಹೆಸರು. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಆಮೇಲೆ. ಅದು ಇನಿಷಿಯಲ್ ಇದ್ದ ಹಾಗೆ ಅಲ್ಲ. ಇಡೀ ಒಕ್ಕದ, ಅಂದರೆ ಮನೆತನದ, ಗುರುತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಆಡುವುದು ಊರು, ಕ್ಲಬ್‌ಗಳ ತಂಡಗಳಲ್ಲ. ಮನೆತನಗಳ ತಂಡಗಳು. ಅಷ್ಟು ಬೆಲೆ ಆ ಹೆಸರಿಗೆ. ಜಾಗ ಸಾಲಲಿಲ್ಲ ಅಂತ ನಿಧನದ ಸುದ್ದಿಯಲ್ಲಿ ಮನೆ ಹೆಸರು ಬಿಟ್ಟರೆ, ಇಲ್ಲವೇ ಒಂದಕ್ಷರ ತಪ್ಪಿ ಬೇರೆ ಮನೆಯ ಹೆಸರೇ ಆಗಿಬಿಟ್ಟರೆ, ಅದು ಪ್ರಿಂಟಿನ ತಪ್ಪು ಅಂತ ಯಾರೂ ಒಪ್ಪುವುದಿಲ್ಲ.

ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವುದು. ‘ಕೊಡಗಿನವರಿಗೆ ಹಂದಿ ಮಾಂಸ, ಕಡಂಬಿಟ್ಟು ಇಲ್ಲದೆ ಹಬ್ಬವೇ ಇಲ್ಲ’ ಅಂತ ಬರೆಯುವುದು ಸುಲಭ. ಕೊಡಗಿನಲ್ಲಿರುವವರೆಲ್ಲ ಕೊಡವರಲ್ಲ. ಅರೆಭಾಷೆ ಗೌಡರಿದ್ದಾರೆ, ಮುಸ್ಲಿಮರಿದ್ದಾರೆ, ಸೋಮವಾರಪೇಟೆ ಕಡೆ ಲಿಂಗಾಯತರಿದ್ದಾರೆ, ಯರವರು, ಜೇನುಕುರುಬರು, ಬೆಟ್ಟಕುರುಬರಿದ್ದಾರೆ. ಅಮ್ಮ ಕೊಡವರು ಅನ್ನುವ ಸಮುದಾಯದವರು ಮಾಂಸವನ್ನೇ ಮುಟ್ಟುವುದಿಲ್ಲ. ಒಂದು ಸಾಲಿಗೆ ಇಷ್ಟು ಜನ ಹುಬ್ಬು ಗಂಟಿಕ್ಕುತ್ತಾರೆ.

ಕಸುಬಿನ ಮಾತು. ಇದು ನನ್ನದೇ ಗಾಯ. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷ ‘ಗಂಡಾಳು 14, ಹೆಣ್ಣಾಳು 31’ ಅಂತ ಬರೆದು ಕೈ ಪಳಗಿತ್ತು. ಕಾಫಿ ಕುಯ್ಲಿನ ಬಗ್ಗೆ ಲೇಖನ ಬರೆದಾಗಲೂ ‘ಹೆಣ್ಣಾಳುಗಳ ಹಾಡು’ ಅಂತಲೇ ಹಾಕಿದೆ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದು ಈಗ ಕಾಲೇಜಿಗೆ ಹೋಗುವ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದಳು, ‘ರೈಟರೇ, ನನ್ನ ಅಮ್ಮನಿಗೆ ಹೆಸರಿಲ್ವಾ?’ ಇತ್ತು. ಇಪ್ಪತ್ತೆರಡು ವರ್ಷ ಅದನ್ನು ದಿನವೂ ಕೂಗಿದವನು ನಾನೇ.

ಚರಿತ್ರೆಯ ಮಾತು. 1837ರಲ್ಲಿ ಸುಳ್ಯ, ಕೊಡಗಿನ ರೈತರು ಬ್ರಿಟಿಷರ ವಿರುದ್ಧ ಎದ್ದರು. ಹಳೆಯ ಬರಹಗಳಲ್ಲಿ ಅದಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿದೆ. ಕಾಟಕಾಯಿ ಅಂದರೆ ಲೂಟಿ, ಹಾವಳಿ ಅನ್ನುವ ಅರ್ಥ ಬರುತ್ತದೆ. ಆ ಹೋರಾಟದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರನ್ನು ಹಿರಿಯರೆಂದು ನೆನೆಯುವವರ ಮುಂದೆ ‘ಕಾಟಕಾಯಿ’ ಅಂದರೆ ಹೇಗಾಗಬೇಡ? ಅವರು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಅನ್ನುತ್ತಾರೆ. ಹಳೆಯ ಪುಸ್ತಕದಲ್ಲಿ ಹಾಗೇ ಇದೆ ಅನ್ನುವುದು ಇಲ್ಲಿ ಉತ್ತರ ಆಗುವುದಿಲ್ಲ. ಹಳೆಯ ಹೆಸರು ಬೇಕೇ ಬೇಕಾದರೆ ‘ಹಿಂದೆ ಹೀಗೆ ಕರೆಯುತ್ತಿದ್ದರು’ ಅಂತ ಸೇರಿಸಿ ಬರೆಯಿರಿ.

ಹಸಿ ಗಾಯ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆ ಕಟ್ಟಿಕೊಟ್ಟರು. ಗೆಳೆಯರೊಬ್ಬರು ವರದಿಯಲ್ಲಿ ‘ನಿರಾಶ್ರಿತರ ಕಾಲೋನಿ’ ಅಂತ ಬರೆದರು. ಅಲ್ಲಿಯ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: ‘ನನಗೆ ಆಶ್ರಯ ಇಲ್ಲ ಅಂತ ಯಾರು ಹೇಳಿದ್ದು? ಮನೆ ಹೋಯಿತು. ಊರು ಇದೆಯಲ್ಲ.’

ಇನ್ನು ಎರಡು ಬಗೆ ಉಳಿದವು. ನಿಜವೇ ಆದರೂ ಹೇಳುವ ಹಕ್ಕು ನಮ್ಮದಲ್ಲದ್ದು ಒಂದು. ನಿಜವೂ ಹೌದು, ಹೇಳಲೇಬೇಕು, ಆದರೂ ನೋಯುತ್ತದೆ ಅನ್ನುವಂಥದ್ದು ಇನ್ನೊಂದು. ಇವೆರಡನ್ನೂ ಮುಂದೆ ನೋಡೋಣ.

4. ಮನೆಗೆ ಹೋಗಿ

ಪತ್ರ, ಮೆಸೇಜು ಯಾವುದೂ ಮುಖ ತೋರಿಸಿದ ಹಾಗಾಗುವುದಿಲ್ಲ. ದೂರದಲ್ಲಿದ್ದರೆ ಫೋನ್ ಸಾಕು, ಹತ್ತಿರದವರಾದರೆ ಹೋಗಲೇಬೇಕು. ಫೋನ್ ಮಾಡಿ ‘ಬರಬಹುದಾ?’ ಅಂತ ಕೇಳಿಯೇ ಹೋಗಿ. ಬೇಡ ಅಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ.

ಹೊತ್ತು ನೋಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕುಯ್ಲು ಇರುವ ಮನೆಗೆ ಹಗಲು ಹೋದರೆ ಅವರು ಕಣದಲ್ಲಿ ಕಾಫಿ ಹರವುತ್ತಾ ನಿಮ್ಮ ಮಾತು ಕೇಳಬೇಕಾಗುತ್ತದೆ. ಸಂಜೆ ಹೋಗಿ. ಹಬ್ಬದ ದಿನ ಬೇಡ. ಕೈಲ್ ಪೊಳ್ದ್, ಪುತ್ತರಿಗೆ ನೆಂಟರು ತುಂಬಿರುತ್ತಾರೆ. ನಾಲ್ಕು ಜನರ ಮುಂದೆ ಅವರು ಬಿಗಿಯಾಗಿಯೇ ಇರಬೇಕಾಗುತ್ತದೆ.

ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು, ಇಬ್ಬರು ಬೇಡ. ಆ ಒಬ್ಬರು ನಿಮ್ಮ ಪರ ವಾದ ಮಾಡುವವರಾಗಬಾರದು. ಆ ಮನೆಯವರಿಗೆ ಬೇಕಾದವರಾಗಿರಬೇಕು. ನಾನು ಮೇಷ್ಟ್ರ ಹಳೆಯ ಶಿಷ್ಯರೊಬ್ಬರನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ನನಗೆ ಕೊಟ್ಟ ಸಲಹೆ ಒಂದೇ: ‘ಅವರು ಕೇಳುವವರೆಗೆ ನೀವು ಮೊದಲು ಮಾತಾಡ್ಬೇಡಿ.’ ಹಣ್ಣು, ಬಿಸ್ಕತ್ತು ಅಂತ ಏನೋ ಹಿಡಿದುಕೊಂಡು ಹೋಗಬೇಕಾ ಅಂತ ಕೆಲವರು ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಬೇಡ. ಕಾಯಿಲೆ ಮನುಷ್ಯರನ್ನು ನೋಡಲು ಹೋಗುತ್ತಿಲ್ಲ ನಾವು.

5. ಕೇಳಿಸಿಕೊಳ್ಳಿ

ಜಗಲಿಯಲ್ಲಿ ಕೂತ ಐದೇ ನಿಮಿಷಕ್ಕೆ ಬೆಲ್ಲದ ಕಾಫಿ ಬಂತು. ಕಾಫಿ ಬಂತಲ್ಲ, ಇನ್ನೇನು ಸಿಟ್ಟು ಇಳಿಯಿತು ಅಂದುಕೊಂಡೆ. ತಪ್ಪು ಲೆಕ್ಕ. ನಮ್ಮಲ್ಲಿ ಸಿಟ್ಟಿರುವವರಿಗೂ ಕಾಫಿ ಕೊಡುತ್ತಾರೆ. ಟೀಪಾಯಿ ಮೇಲೆ ಸಂಚಿಕೆ ತೆರೆದಿಟ್ಟಿದ್ದರು. ಆ ಸಾಲಿನ ಕೆಳಗೆ ಕೆಂಪು ಇಂಕಿನ ಗೆರೆ. ಮೇಷ್ಟ್ರ ಮನೆ ಅಲ್ವಾ!

ಮಗ ಹೆಚ್ಚು ಮಾತಾಡಲಿಲ್ಲ. ಮಾತಾಡಿದ್ದು ಸೊಸೆ. ‘ಮಾವ ಹಸಿದದ್ದು ಸುಳ್ಳಲ್ಲ. ಟ್ರೈನಿಂಗ್‌ಗೆ ಅಂತ ಊರು ಬಿಟ್ಟಿದ್ದಾಗ ಎಷ್ಟೋ ರಾತ್ರಿ ನೀರು ಕುಡಿದು ಮಲಗಿದ್ರಂತೆ. ಮನೆಯಲ್ಲಿ ಅಲ್ಲ. ಈ ಮನೆಯಿಂದ ಆಟಿ ತಿಂಗಳ ಮಳೆಯ ಕಷ್ಟದಲ್ಲೂ ಬೇರೆಯವರಿಗೆ ಭತ್ತ ಅಳೆದು ಕೊಡ್ತಿದ್ರು. ಆ ಸೇರು ಇನ್ನೂ ಒಳಗಿದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. ‘ಹಸಿದ ವಿಷಯ ಮಾವ ನಮಗೆ ಹೇಳಿದ್ದು ಒಲೆ ಮುಂದೆ ಕೂತು. ನೀವು ಅದನ್ನ ಐನೂರು ಕಾಪಿ ಮಾಡಿ ಹಂಚಿದ್ರಿ.’

ಅವರ ಮಗಳಿಗೆ ಆಗ ಸಂಬಂಧ ನೋಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಗಂಡಿನ ಕಡೆಯವರೂ ಆ ಸಂಚಿಕೆ ಓದಿದ್ದರು. ಫೋನಿನಲ್ಲಿ ವಾದ ಮಾಡಿದ್ದರೆ ಇದು ಯಾವುದೂ ನನಗೆ ಗೊತ್ತಾಗುತ್ತಿರಲಿಲ್ಲ.

ಈ ಹೊತ್ತಿನಲ್ಲಿ ಬಾಯಿಗೆ ಬರುವ ಮಾತುಗಳು ಕೆಲವಿವೆ. ‘ಆದ್ರೆ ಅಕ್ಕ...’ ಅಂತ ಶುರುವಾಗುವ ಯಾವುದನ್ನೂ ನುಂಗಿಕೊಳ್ಳಿ. ‘ಬೇರೆ ಯಾರಿಗೂ ಹಾಗೆ ಅನ್ನಿಸಿಲ್ಲ’ ಅನ್ನಬೇಡಿ. ‘ನನಗೆ ಆ ಮಾಹಿತಿ ಕೊಟ್ಟವರು ಇಂಥವರು’ ಅಂತ ಇನ್ನೊಬ್ಬರನ್ನು ಎಳೆದು ತಂದರೆ ಎರಡು ಮನೆಗಳ ನಡುವೆ ಹೊಸ ಜಗಳ ಹುಟ್ಟುತ್ತದೆ. ಕೇಳಬೇಕಾದ ಪ್ರಶ್ನೆ ಎರಡೇ. ‘ಯಾವ ಮಾತು ತಾಗಿತು?’ ಮತ್ತು ‘ಈಗ ಏನು ಮಾಡಿದರೆ ಸರಿ ಅನ್ನಿಸುತ್ತೆ?’ ಎರಡನೆಯದಕ್ಕೆ ಅಲ್ಲೇ ಹೂಂ ಅನ್ನಬೇಕಾಗಿಲ್ಲ. ‘ಕಮಿಟಿಯವರನ್ನು ಕೇಳಿ ಹೇಳ್ತೇನೆ’ ಅನ್ನಬಹುದು. ಕೈಲಾಗದ್ದನ್ನು ಒಪ್ಪಿಕೊಂಡು ಬಂದರೆ ಮತ್ತೆ ಮಾತು ತಪ್ಪಿದ ಹಾಗಾಗುತ್ತದೆ.

6. ಕ್ಷಮೆಯ ಮಾತು ಹೇಗಿರಬೇಕು

‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಇದು ಎಲ್ಲ ಕಡೆ ಓಡುವ ಸವೆದ ನಾಣ್ಯ. ‘ಯಾರಾದರೂ’ ಅಂದರೆ ಯಾರು? ಎದುರಿಗೆ ಕೂತವರು ಕಾಣುತ್ತಿಲ್ಲವಾ? ‘ಆಗಿದ್ದರೆ’ ಅಂದರೆ ಆಗಿದೆಯೋ ಇಲ್ಲವೋ ಅನ್ನುವ ಅನುಮಾನ. ಇಂಥ ಕ್ಷಮೆ ಕೇಳುವುದಕ್ಕಿಂತ ಕೇಳದಿರುವುದು ವಾಸಿ.

‘ನನ್ನ ಉದ್ದೇಶ ಒಳ್ಳೆಯದೇ ಇತ್ತು’ ಅನ್ನುವುದನ್ನು ಹೇಳಬಾರದು ಅಂತಲ್ಲ. ಮೊದಲು ಹೇಳಬಾರದು. ಬಸ್ಸಿನಲ್ಲಿ ಒಬ್ಬರ ಕಾಲು ತುಳಿದರೆ ಮೊದಲು ನಮ್ಮ ಕಾಲು ತೆಗೆಯುತ್ತೇವೆ. ಬ್ರೇಕ್ ಹಾಕಿದ್ದು ಡ್ರೈವರ್ ಅಂತ ಹೇಳುವುದು ಆಮೇಲೆ, ಅದೂ ಅವರು ಕೇಳಿದರೆ.

ನಾನು ಆ ಸಂಜೆ ಹೇಳಿದ್ದು ಹೆಚ್ಚುಕಡಿಮೆ ಹೀಗೆ. ‘ಅಕ್ಕ, ಎರಡು ತಪ್ಪಾಗಿದೆ. ಮನೆಯ ವಿಷಯ ನಿಮ್ಮನ್ನು ಕೇಳದೆ ಬರೆದೆ, ಅದೂ ತಪ್ಪು ಬರೆದೆ. ಮೇಷ್ಟ್ರು ಮನೆಯೊಳಗೆ ಹೇಳಿದ್ದನ್ನು ಊರಿಗೆ ಹಂಚಿದೆ. ಮೊದಲನೆಯದನ್ನು ತಿದ್ದಬಹುದು, ತಿದ್ದುತ್ತೇನೆ. ಎರಡನೆಯದನ್ನು ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ. ಅದಕ್ಕೆ ಕ್ಷಮೆ ಕೇಳ್ತೇನೆ.’

ಯಾವ ತಪ್ಪು, ಯಾರದ್ದು, ಈಗ ಏನು ಅನ್ನುವ ಮೂರೂ ಇರಲಿ. ಅದಕ್ಕಿಂತ ಉದ್ದ ಮಾಡಬೇಡಿ. ಅತ್ತು ಕರೆದು ಕಾಲಿಗೆ ಬೀಳುವುದೂ ಬೇಡ. ಆಗ ನಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬರುತ್ತದೆ. ಅವರು ತಕ್ಷಣ ‘ಇರಲಿ ಬಿಡಿ’ ಅನ್ನಬೇಕು ಅಂತಲೂ ಕಾಯಬೇಡಿ. ನನಗೆ ಆ ದಿನ ಯಾರೂ ‘ಇರಲಿ ಬಿಡಿ’ ಅನ್ನಲಿಲ್ಲ. ಗೇಟಿನವರೆಗೆ ಬಂದು ಟಾರ್ಚ್ ಹಿಡಿದರು, ಅಷ್ಟೆ.

7. ತಿದ್ದುಪಡಿ ಅಚ್ಚಾಗಲಿ

ಬಾಯಿಮಾತಿನ ಕ್ಷಮೆ ಜಗಲಿಯಲ್ಲೇ ಉಳಿಯುತ್ತದೆ, ಅಚ್ಚಾದ ತಪ್ಪು ಕಪಾಟಿನಲ್ಲಿ ನೂರು ವರ್ಷ ಇರುತ್ತದೆ. ತಪ್ಪು ಎಲ್ಲಿ ಬಂತೋ ಅಲ್ಲೇ ತಿದ್ದಬೇಕು. ಪತ್ರಿಕೆಯಲ್ಲಾದರೆ ಸಂಪಾದಕರಿಗೆ ನೀವೇ ಬರೆದು ತಿಳಿಸಿ, ಅವರಿಗೆ ದೂರು ಬರುವವರೆಗೆ ಕಾಯಬೇಡಿ. ವಾಟ್ಸಾಪ್ ಗ್ರೂಪಿನಲ್ಲಾದರೆ ಅದೇ ಗ್ರೂಪಿನಲ್ಲಿ ಹಾಕಿ. ಸುಮ್ನೆ ಡಿಲೀಟ್ ಮಾಡಿ ಕೂರುವುದು ಜಾಣತನ ಅಲ್ಲ, ಸ್ಕ್ರೀನ್‌ಶಾಟ್ ಎಲ್ಲರ ಹತ್ತಿರ ಇರುತ್ತದೆ.

ಸ್ಮರಣ ಸಂಚಿಕೆಗೆ ಮುಂದಿನ ಸಂಚಿಕೆ ಅಂತ ಇರುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳಲ್ಲಿ ಒಪ್ಪೋಲೆ ಅಂತ ಒಂದು ಪುಟ ಇರುತ್ತಿತ್ತು, ತಪ್ಪು ಯಾವುದು ಒಪ್ಪು ಯಾವುದು ಅಂತ. ನಾವು ಅಂಗೈ ಅಗಲದ ಚೀಟಿ ಅಚ್ಚು ಹಾಕಿಸಿದೆವು. ಒಕ್ಕಣೆ ಹೀಗಿತ್ತು: ‘ಈ ಲೇಖನದಲ್ಲಿ ಮೇಷ್ಟ್ರ ಮನೆಯ ಸ್ಥಿತಿಯ ಬಗ್ಗೆ ಬರೆದ ಸಾಲು ತಪ್ಪು. ಅದು ಕಷ್ಟಕಾಲದಲ್ಲಿ ಊರಿಗೆ ಭತ್ತ ಅಳೆದುಕೊಟ್ಟ ಮನೆ. ಮನೆಯವರನ್ನು ಕೇಳದೆ ಬರೆದದ್ದಕ್ಕೆ ಲೇಖಕ ಕ್ಷಮೆ ಕೇಳುತ್ತಾನೆ.’ ತಪ್ಪು ಸಾಲನ್ನು ಚೀಟಿಯಲ್ಲಿ ಮತ್ತೆ ಎತ್ತಿ ಬರೆಯಲಿಲ್ಲ, ನೋಡಿ. ‘ಗಂಜಿಗೂ ಗತಿಯಿಲ್ಲ ಎಂದು ತಪ್ಪಾಗಿ ಅಚ್ಚಾಗಿದೆ’ ಅಂತ ಹಾಕಿದರೆ ಮೊದಲು ಓದದೆ ಬಿಟ್ಟವರೂ ಓದುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಚೀಟಿಯನ್ನು ಅವರಿಗೆ ತೋರಿಸಿ. ಅವರು ‘ಬೇಡ, ಮತ್ತೆ ಎತ್ತಬೇಡಿ, ಇಲ್ಲಿಗೆ ಬಿಡಿ’ ಅಂದರೆ ಬಿಡಿ. ತಿದ್ದುಪಡಿ ನಮ್ಮ ಮನಸ್ಸಿನ ಸಮಾಧಾನಕ್ಕೆ ಹಾಕಿಸುವುದಲ್ಲ. ನಮ್ಮಲ್ಲಿ ಉಳಿದಿದ್ದ ನೂರ ನಲವತ್ತು ಪ್ರತಿಗಳಿಗೆ ಚೀಟಿ ಅಂಟಿಸಿದೆವು. ಹಂಚಿಹೋದವುಗಳಲ್ಲಿ ಮೇಷ್ಟ್ರ ನೆಂಟರ ಹನ್ನೆರಡು ಮನೆಗೆ ನಾನೇ ಹೋಗಿ ಕೊಟ್ಟೆ. ಗಂಡಿನ ಮನೆಯೂ ಅದರಲ್ಲಿತ್ತು.

8. ತಪ್ಪು ನಿಮ್ಮದಲ್ಲದಿದ್ದರೆ

ಎಲ್ಲ ಬೇಸರಕ್ಕೂ ಕ್ಷಮೆ ಕೇಳುತ್ತಾ ಹೋದರೆ ಬರೆಯುವುದನ್ನೇ ಬಿಡಬೇಕಾಗುತ್ತದೆ. ತೋಡಿಗೆ ಕಾಫಿ ಪಲ್ಪಿಂಗ್ ನೀರು (ಹಣ್ಣಿನ ಸಿಪ್ಪೆ ತೆಗೆದ ಕೊಳೆ ನೀರು) ಬಿಡುತ್ತಿದ್ದಾರೆ ಅಂತ ಅರ್ಜಿ ಬರೆದರೆ ನೀರು ಬಿಟ್ಟವರಿಗೆ ನೋವಾಗುತ್ತದೆ. ಆಗಲಿ. ಕೆಳಗಿನ ಮನೆಯವರು ಅದೇ ತೋಡಿನ ನೀರಿನಲ್ಲಿ ಪಾತ್ರೆ ತೊಳೆಯುತ್ತಾರೆ.

ಇಂಥ ಕಡೆ ವಿಷಯ ಮತ್ತು ಮಾತು ಬೇರೆ ಬೇರೆ ಮಾಡಿಕೊಳ್ಳಿ. ವಿಷಯ ಸರಿ ಇದ್ದರೆ ಅದರಿಂದ ಒಂದು ಇಂಚೂ ಸರಿಯಬೇಡಿ. ಮಾತಿನಲ್ಲಿ ಬೇಡದ ಖಾರ ಇದ್ದರೆ ಅಷ್ಟನ್ನು ವಾಪಸ್ ತೆಗೆದುಕೊಳ್ಳಿ. ‘ನೀರು ಬಿಟ್ಟದ್ದು ಬಿಟ್ಟದ್ದೇ, ಆ ಮಾತು ಬದಲಾಗಲ್ಲ. ನಿಮ್ಮ ತಂದೆಯ ಕಾಲದಿಂದಲೂ ಹೀಗೇ ಅಂತ ಬರೆದದ್ದು ಅನಗತ್ಯ. ಅದನ್ನು ತೆಗೆಯುತ್ತೇನೆ.’ ಇಷ್ಟು ಹೇಳಿದ ಮೇಲೂ ಅವರು ಮಾತು ಬಿಟ್ಟರೆ ಬಿಡಲಿ. ಮದುವೆ ಮನೆಯಲ್ಲಿ ಎದುರಾದಾಗ ನೀವು ಮಾತಾಡಿಸಿ ಸಾಕು.

ಕೆಲವರು ನೋವಿಲ್ಲದೆಯೂ ನೋವಿನ ನಾಟಕ ಆಡುತ್ತಾರೆ, ಹಳೆಯ ಗಡಿ ತಕರಾರಿಗೆ ನಿಮ್ಮ ಬರಹ ಒಂದು ನೆವ ಅಷ್ಟೆ. ‘ಯಾವ ಸಾಲು?’ ಅಂತ ಕೇಳಿದರೆ ಅಂಥವರು ಸಾಲು ತೋರಿಸುವುದಿಲ್ಲ. ಸಂಚಿಕೆಯನ್ನೇ ಓದಿರುವುದಿಲ್ಲ.

9. ವಿಷಯ ಕಾಗದಕ್ಕೆ ಬಂದರೆ

ವಕೀಲರ ನೋಟಿಸ್ ಬಂದರೆ ಮೇಲಿನ ಸಲಹೆಗಳನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ. ಮೊದಲು ವಕೀಲರನ್ನು ನೋಡಿ, ಆಮೇಲೆ ಬಾಯಿ ತೆರೆಯಿರಿ. ಬರೆದುಕೊಟ್ಟ ಕ್ಷಮಾಪತ್ರವನ್ನು ತಪ್ಪೊಪ್ಪಿಗೆ ಅಂತ ನಿಮ್ಮ ವಿರುದ್ಧವೇ ತೋರಿಸಬಹುದು.

2024ರ ಜುಲೈ 1ರಿಂದ ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅನ್ವಯಿಸುತ್ತದೆ. 2 ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ. ‘ತೀರಿಹೋದವರ ಬಗ್ಗೆ ತಾನೇ ಬರೆದದ್ದು’ ಅಂತ ಧೈರ್ಯವಾಗಿ ಇರುವಂತಿಲ್ಲ. ಬದುಕಿದ್ದರೆ ಮಾನ ಹೋಗುವಂಥ ಮಾತನ್ನು ಮನೆಯವರನ್ನು ನೋಯಿಸಲೆಂದೇ ಬರೆದಿದ್ದರೆ ಅದೂ ಇದರೊಳಗೇ ಬರುತ್ತದೆ. ಗೊತ್ತಿದ್ದೂ ಅಚ್ಚು ಹಾಕಿದವರೂ ಸಿಕ್ಕಿಬೀಳಬಹುದು, ಸಂಚಿಕೆ ಕಮಿಟಿಯವರು ನೆನಪಿಡಲಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಅವಮಾನಿಸಿದ ದೂರಾದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಲ್ಲಿ ಜಗಲಿಯ ರಾಜಿಗೆ ಕೇಸು ಮುಗಿಯುವುದಿಲ್ಲ.

ಪತ್ರಿಕೆಯಲ್ಲಿ ಬಂದ ಬರಹದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡುವ ದಾರಿಯೂ ಇದೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ಸಂಪಾದಕರಿಗೆ ಬರೆದಿರಬೇಕು ಅನ್ನುವುದು ಅವರದೇ ನಿಯಮ. ಅಲ್ಲೂ ಮೊದಲ ಮೆಟ್ಟಿಲು ‘ಬರೆದವರಿಗೆ ಹೇಳಿ ನೋಡಿ’ ಅಂತಲೇ.

10. ಮುಂದಿನ ಸಲ

ಮನೆತನದ ವಿಷಯ, ಸಾವು, ಸಾಲ, ಬಡತನ, ಕಾಯಿಲೆ ಇವು ಬರುವ ಯಾವ ಬರಹವನ್ನೂ ನಾನೀಗ ಅಚ್ಚಿಗೆ ಮೊದಲು ಆ ಮನೆಗೆ ಓದಿ ಹೇಳುತ್ತೇನೆ. ಫೋನಿನಲ್ಲೇ ಆದರೂ ಸರಿ. ಹೊಗಳಿಕೆ ಇದ್ದರೆ ಇನ್ನೂ ಮುಖ್ಯ, ಬೈಗುಳ ಬರೆಯುವಾಗ ನಾವೇ ಎಚ್ಚರವಾಗಿರುತ್ತೇವೆ. ಎಲ್ಲವನ್ನೂ ಅವರು ಹೇಳಿದ ಹಾಗೇ ಬರೆಯುತ್ತೇನೆ ಅಂತ ಮಾತ್ರ ಮಾತು ಕೊಡುವುದಿಲ್ಲ. ‘ತಪ್ಪಿದ್ದರೆ ತಿದ್ದುತ್ತೇನೆ, ನಿಮ್ಮ ಮನೆಯದ್ದಾದರೆ ಬಿಡುತ್ತೇನೆ, ಊರಿನದ್ದಾದರೆ ಇಡುತ್ತೇನೆ’ ಅಂತ ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಹಳೆಯ ಅಳತೆ ಪಾತ್ರೆಗಳ ಬಗ್ಗೆ ಬರೆಯುತ್ತಿದ್ದಾಗ ಮೇಷ್ಟ್ರ ಮನೆಯ ಸೇರು ನೆನಪಾಯಿತು. ಸೊಸೆಗೆ ಫೋನ್ ಮಾಡಿದೆ. ‘ಬರೆದು ಕಳಿಸಿ, ನೋಡ್ತೇನೆ’ ಅಂದರು. ಕಳಿಸಿದೆ. ವಾರದ ಮೇಲೆ ಅವರ ಮಗ ಬೈಕಿನಲ್ಲಿ ಬಂದು ಲಕೋಟೆ ಕೊಟ್ಟು ಹೋದ. ವಿಷಯದಲ್ಲಿ ಏನೂ ಮುಟ್ಟಿರಲಿಲ್ಲ. ಎರಡು ಕಡೆ ನಾನು ಒತ್ತಕ್ಷರ ಬಿಟ್ಟಿದ್ದೆ. ಅವುಗಳ ಕೆಳಗೆ ಮಾತ್ರ ಕೆಂಪು ಇಂಕಿನ ಗೆರೆ.